ಆರು ಜನರ ಶೆಡ್ಡಿಗೆ ಇಪ್ಪತ್ತೈದು ಜನ ಬಂದಾಗ

ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಸಣ್ಣ ಮಷೀನ್ ಶಾಪ್‌ಗಳ ಓನರ್‌ಗಳು ನಾಲ್ಕು ಜನ ಸೇರಿದ ಕಡೆ ಈ ಮಾತು ಬಂದೇ ಬರುತ್ತದೆ: "ಮೊದ್ಲು ಹಿಂಗಿರ್ಲಿಲ್ಲ ಸಾರ್. ಎರಡು ಮಷೀನ್ ಇದ್ದಾಗ ಹುಡುಗ್ರು ರಾತ್ರಿ ಹನ್ನೆರಡರ ತನಕ ನಿಂತು ಡಿಸ್ಪ್ಯಾಚ್ ಮುಗಿಸಿ ಹೋಗ್ತಿದ್ರು. ಈಗ ಎಂಟು ಮಷೀನ್ ಆಗಿದೆ, ಐದೂವರೆಗೆ ಕೈ ತೊಳ್ಕೊಂಡು ನಿಂತಿರ್ತಾರೆ." ಹೀಗೆ ಹೇಳುವವರು ಕೆಟ್ಟ ಓನರ್‌ಗಳೇನಲ್ಲ. ಬಹಳಷ್ಟು ಜನ ತಾವೇ ಲೇತ್ ಮುಂದೆ ನಿಂತು ಬೆಳೆದವರು, ಮನೆ ಪತ್ರ ಅಡವಿಟ್ಟು ಮೊದಲ ಸಿಎನ್‌ಸಿ (ಕಂಪ್ಯೂಟರ್ ಪ್ರೋಗ್ರಾಂನಿಂದ ನಡೆಯುವ ಮಷೀನ್) ತಂದವರು, ಹುಡುಗರ ಜೊತೆ ಡಬ್ಬಿ ಹಂಚಿಕೊಂಡು ಉಂಡವರು. ಅದಕ್ಕೇ ಈ ಮಾತು ಹೇಳುವಾಗ ಅವರಿಗೆ ನೋವಾಗುತ್ತದೆ. ಕಾರಣ ಕೇಳಿದರೆ ಈಗಿನ ಹುಡುಗರೇ ಹಾಗೆ, ಮೊಬೈಲು ಬಂದು ಕೆಟ್ಟಿತು, ಪಕ್ಕದ ರಸ್ತೆಯ ಗೇಟಿಗೆ 'ಸಿಎನ್‌ಸಿ ಆಪರೇಟರ್ ಬೇಕಾಗಿದ್ದಾರೆ' ಅಂತ ಬೋರ್ಡ್ ಹಾಕಿದ್ದಾರೆ ಅನ್ನುತ್ತಾರೆ. ಬೋರ್ಡು ಇರುವುದು ನಿಜ. ಆದರೆ ಎರಡು ಮಷೀನ್ ಇದ್ದ ಕಾಲದಲ್ಲೂ ಆ ಬೋರ್ಡು ಅಲ್ಲೇ ಇತ್ತು, ಆಗ ಹುಡುಗರು ಹೋಗಲಿಲ್ಲ.

ಬದಲಾಗಿದ್ದು ಏನು ಅಂತ ಯೋಚಿಸಿದರೆ ನನಗೆ ಕಾಣುವುದು ಇಷ್ಟು. ಆರು ಜನರಿದ್ದಾಗ ಓನರ್ ದಿನಕ್ಕೆ ಹತ್ತು ಸಲ ಪ್ರತಿ ಮಷೀನಿನ ಪಕ್ಕ ನಿಲ್ಲುತ್ತಿದ್ದ. ಪೀಸ್ ಹಿಡಿಯುವ ಸಾಫ್ಟ್ ಜಾ ಯಾರು ನೀಟಾಗಿ ಬೋರ್ ಮಾಡುತ್ತಾರೆ, ಯಾರು ಪ್ರತಿ ಐದನೇ ಪೀಸ್ ಅಳೆಯುತ್ತಾರೆ, ಯಾರ ತಂಗಿ ಮದುವೆಗೆ ದುಡ್ಡು ಬೇಕು, ಯಾರಿಗೆ ಈ ಸಲ ಐನೂರು ಜಾಸ್ತಿ ಕೊಡಬೇಕು, ಎಲ್ಲ ಅವನ ತಲೆಯಲ್ಲೇ ಇರುತ್ತಿತ್ತು. ಇಪ್ಪತ್ತೈದು ಜನ, ಎರಡು ಶಿಫ್ಟ್ ಆದಮೇಲೆ ಅದೇ ಮನುಷ್ಯ ಕ್ಯಾಬಿನ್ ಒಳಗೆ ಜಿಎಸ್‌ಟಿ, ಬ್ಯಾಂಕು, ಕಸ್ಟಮರ್ ಆಡಿಟ್ ನೋಡಿಕೊಳ್ಳುತ್ತಾನೆ. ರಾತ್ರಿ ಶಿಫ್ಟಿನ ಅರ್ಧ ಹುಡುಗರ ಮುಖ ಅವನಿಗೆ ಪರಿಚಯವಿಲ್ಲ. ತಲೆಯಲ್ಲಿದ್ದ ಲೆಕ್ಕ ತಪ್ಪಿಹೋಗಿದೆ, ಅದರ ಜಾಗಕ್ಕೆ ಬೇರೇನೂ ಬಂದಿಲ್ಲ. ತಾನು ಚೆನ್ನಾಗಿ ಮಾಡಿದ್ದು ಯಾರಿಗೂ ಗೊತ್ತಾಗುವುದಿಲ್ಲ ಅಂತ ಆಪರೇಟರ್‌ಗೆ ಒಂದೆರಡು ತಿಂಗಳಲ್ಲಿ ಖಾತ್ರಿಯಾಗುತ್ತದೆ. ಆಮೇಲೆ ಅವನು ಐದೂವರೆಗೆ ಕೈ ತೊಳೆಯುತ್ತಾನೆ.

ಹಾಗಾಗಿ ಟೂರಿಗೆ ಕರೆದುಕೊಂಡು ಹೋಗುವುದು, ತಿಂಗಳಿಗೊಬ್ಬನಿಗೆ 'ಬೆಸ್ಟ್ ಎಂಪ್ಲಾಯಿ' ಫೋಟೋ ಹಾಕುವುದು ಇವುಗಳ ಬಗ್ಗೆ ನನಗೆ ಹೆಚ್ಚು ನಂಬಿಕೆಯಿಲ್ಲ. ಓನರ್ ತಲೆಯಲ್ಲಿದ್ದ ಲೆಕ್ಕ ಗೋಡೆಯ ಮೇಲೆ ಬರಬೇಕು. ಅದನ್ನು ನೋಡಿ ಹೆಲ್ಪರ್ ಹುಡುಗ ಕೂಡ ತನ್ನ ಈ ತಿಂಗಳ ಸಂಬಳ, ಇವತ್ತಿನ ಟಾರ್ಗೆಟ್, ಮುಂದಿನ ಇನ್‌ಕ್ರಿಮೆಂಟ್ ಎಷ್ಟು ಅಂತ ತಾನೇ ಹಾಕಿಕೊಳ್ಳುವಂತಿರಬೇಕು.

ಸಂಬಳದ ತಾರೀಕು

ಮೊದಲನೆಯದು ತಾರೀಕು. ತಿಂಗಳ ಸಂಬಳ ಮುಂದಿನ ತಿಂಗಳ 7ರೊಳಗೆ ಕೊಡಬೇಕು ಅನ್ನುವುದು ಕಾನೂನು. ಎಷ್ಟೋ ಶಾಪ್‌ಗಳಲ್ಲಿ ಅದು 10, 12, ಒಮ್ಮೊಮ್ಮೆ 18 ಆಗುತ್ತದೆ. ಓನರ್ ಬೇಕಂತ ಮಾಡುವುದಲ್ಲ, ಪಾರ್ಟಿಯಿಂದ ಪೇಮೆಂಟ್ ಬಂದಿರುವುದಿಲ್ಲ. ಉದ್ಯಮ್ ನೋಂದಣಿ ಇರುವ ಸಣ್ಣ ಘಟಕಕ್ಕೆ 45 ದಿನದೊಳಗೆ ದುಡ್ಡು ಕೊಡಬೇಕು ಅಂತ ಕಾನೂನಿದ್ದರೂ ಜಾಬ್ ವರ್ಕ್ ಬಿಲ್ಲು 60, 90 ದಿನ ಎಳೆಯುವುದು ಇಲ್ಲಿ ಎಲ್ಲರಿಗೂ ಗೊತ್ತು. ಆದರೆ ಲಗ್ಗೆರೆಯಲ್ಲೋ ಹೆಗ್ಗನಹಳ್ಳಿಯಲ್ಲೋ ಬಾಡಿಗೆ ಮನೆಯಲ್ಲಿರುವ ಆಪರೇಟರ್‌ಗೆ ಮನೆ ಓನರ್ 5ನೇ ತಾರೀಕಿಗೆ ಬಾಗಿಲು ತಟ್ಟುತ್ತಾನೆ, ಬೈಕಿನ ಇಎಂಐ ಬೌನ್ಸ್ ಆದರೆ ಬ್ಯಾಂಕು ದಂಡ ಹಾಕುತ್ತದೆ. ಸಂಬಳ ತಡವಾದ ಪ್ರತಿ ತಿಂಗಳು ಆ ದಂಡವನ್ನು ಅವನು ತನ್ನ ಜೇಬಿನಿಂದ ಕಟ್ಟುತ್ತಾನೆ.

ದಾರಿ ಒಂದೇ, ಒಂದು ತಿಂಗಳ ಸಂಬಳದಷ್ಟು ಹಣವನ್ನು ಬೇರೆ ಅಕೌಂಟಿನಲ್ಲಿ ಇಟ್ಟುಬಿಡುವುದು. 25 ಜನರಿಗೆ ಸರಾಸರಿ ₹18,000 ಅಂದರೆ ₹4.5 ಲಕ್ಷ. ಒಂದೇ ಸಲ ಆಗುವುದಿಲ್ಲ. ಬಂದ ಪ್ರತಿ ಪೇಮೆಂಟಿನಿಂದ ಶೇ. 3ರಷ್ಟು ಆ ಅಕೌಂಟಿಗೆ ಹಾಕುತ್ತ ಹೋದರೆ, ತಿಂಗಳಿಗೆ 15 ಲಕ್ಷ ವಹಿವಾಟಿರುವ ಶಾಪ್‌ಗೆ ಹತ್ತು ತಿಂಗಳಲ್ಲಿ ಕೂಡುತ್ತದೆ. ಆ ದುಡ್ಡಿನಲ್ಲಿ ಬಾರ್ ಮೆಟೀರಿಯಲ್ ತರಿಸಬಾರದು, ಕರೆಂಟ್ ಬಿಲ್ ಕಟ್ಟಬಾರದು. ಸೋರಿಹೋಗುವುದು ಅಲ್ಲೇ, ಅದಕ್ಕೇ ಆ ಅಕೌಂಟಿನ ಚೆಕ್ ಬುಕ್ ಓನರ್ ಮನೆಯವರ ಹತ್ತಿರ ಇರುವುದು ಒಳ್ಳೆಯದು.

ಅಡ್ವಾನ್ಸ್ ವಿಷಯ ಇದಕ್ಕೇ ಸೇರಿದ್ದು. ಆರು ಜನರಿದ್ದಾಗ ಕೇಳಿದವರಿಗೆ ಕೇಳಿದಾಗ ಕೊಟ್ಟರೆ ನಡೆಯುತ್ತದೆ. ಇಪ್ಪತ್ತೈದು ಜನರಲ್ಲಿ ಬಾಯಿರುವವನಿಗೆ ಸಿಗುತ್ತದೆ, ಸಂಕೋಚದವನಿಗೆ ಇಲ್ಲ. ಗೋಡೆಗೆ ಹಾಕಿ: ಆರು ತಿಂಗಳು ಮುಗಿಸಿದವರಿಗೆ ಅರ್ಧ ಸಂಬಳದವರೆಗೆ, 20ನೇ ತಾರೀಕಿನಂದು, ಮೂರು ಕಂತಿನಲ್ಲಿ ಮುರಿದುಕೊಳ್ಳುವುದು. ಆಸ್ಪತ್ರೆ, ಸಾವು, ಮದುವೆ ಇವಕ್ಕೆ ತಾರೀಕಿಲ್ಲ. ಮುರಿದುಕೊಂಡಿದ್ದು, ಬಾಕಿ ಉಳಿದಿದ್ದು ಎರಡೂ ಸಂಬಳದ ಚೀಟಿಯಲ್ಲಿ ಕಾಣಬೇಕು. ಚೀಟಿ ಕೊಡದ ಶಾಪಿನಲ್ಲಿ ಅಡ್ವಾನ್ಸ್ ಲೆಕ್ಕಕ್ಕೆ ಜಗಳ ಆಗದೆ ಒಂದು ವರ್ಷ ಹೋಗುವುದಿಲ್ಲ.

ಇಪ್ಪತ್ತನೆಯವನು ಸೇರಿದ ತಿಂಗಳು

ಬೆಳೆಯುವ ಶಾಪಿನಲ್ಲಿ ಹುಡುಗರ ಮನಸ್ಸು ಮುರಿಯುವ ಒಂದು ನಿರ್ದಿಷ್ಟ ತಿಂಗಳಿದೆ, ಅದನ್ನು ಯಾರೂ ಮೊದಲೇ ಗಮನಿಸುವುದಿಲ್ಲ. ಹತ್ತು ಜನರಾದಾಗ ಇಎಸ್‌ಐ (ಕೆಲಸಗಾರರ ಸರ್ಕಾರಿ ವಿಮೆ) ಬರುತ್ತದೆ, ಅದರ ಕಡಿತ ಕಡಿಮೆ: ₹18,000 ಸಂಬಳಕ್ಕೆ ಕೆಲಸಗಾರನಿಂದ ಶೇ. 0.75, ಅಂದರೆ ₹135, ಓನರ್‌ನಿಂದ ಶೇ. 3.25, ಅಂದರೆ ₹585. ಇಪ್ಪತ್ತನೆಯವನು ಸೇರಿದಾಗ ಪಿಎಫ್ (ಭವಿಷ್ಯ ನಿಧಿ) ಶುರುವಾಗುತ್ತದೆ. ₹15,000ದ ಮೇಲೆ ಶೇ. 12 ಅಂದರೆ ₹1,800, ಕೈಗೆ ಬರುವುದರಲ್ಲಿ ನೇರ ಕಡಿತ. ಹೋದ ತಿಂಗಳು ₹17,865 ಎಣಿಸಿಕೊಂಡವನು ಈ ತಿಂಗಳು ₹16,065 ನೋಡುತ್ತಾನೆ. ಕಂಪನಿ ದೊಡ್ಡದಾಯಿತು, ನನ್ನ ಸಂಬಳ ಸಣ್ಣದಾಯಿತು ಅನ್ನುವುದೇ ಅವನಿಗೆ ಅರ್ಥವಾಗುವುದು. ಹದಿನೆಂಟು ಸಾವಿರ ಪೂರ್ತಿ ಕೈಗೆ ಕೊಡುವ ಎಂಟು ಜನರ ಶಾಪು ಅಡ್ಡರಸ್ತೆಯಲ್ಲೇ ಇರುತ್ತದೆ, ಒಳ್ಳೆಯವರು ಅಲ್ಲಿಗೆ ಹೋಗುತ್ತಾರೆ.

ಇದಕ್ಕೆ ತಯಾರಿ ಹದಿನೇಳು ಹದಿನೆಂಟು ಜನರಿದ್ದಾಗಲೇ ಆಗಬೇಕು. ಏಪ್ರಿಲ್‌ನಲ್ಲಿ ಕೊಡಬೇಕಾದ ಇನ್‌ಕ್ರಿಮೆಂಟ್ ಅನ್ನು ಪಿಎಫ್ ಶುರುವಾಗುವ ತಿಂಗಳಿಗೇ ಹೊಂದಿಸಿದರೆ ಕೈಗೆ ಬರುವುದು ಇಳಿಯುವುದಿಲ್ಲ, ಅಥವಾ ಸ್ವಲ್ಪವೇ ಇಳಿಯುತ್ತದೆ. ಎಲ್ಲರನ್ನೂ ಕೂರಿಸಿ ಲೆಕ್ಕ ಹೇಳಬೇಕು: ನಿನ್ನದು ₹1,800, ನಮ್ಮದು ₹1,800, ನಮ್ಮ ಶೇ. 12ರಲ್ಲಿ ಶೇ. 8.33 ಪೆನ್ಷನ್‌ಗೆ ಹೋಗುತ್ತದೆ, ಹತ್ತು ವರ್ಷ ಸರ್ವಿಸ್ ಆದರೆ ಪೆನ್ಷನ್ ಬರುತ್ತದೆ, ಕೆಲಸದಲ್ಲಿದ್ದಾಗ ಜೀವಕ್ಕೇನಾದರೂ ಆದರೆ ಮನೆಯವರಿಗೆ ₹7 ಲಕ್ಷದವರೆಗೆ ವಿಮೆ ಇದೆ. ಬಾಯಲ್ಲಿ ಹೇಳಿದ್ದು ನಿಲ್ಲುವುದಿಲ್ಲ. ಎರಡನೇ ತಿಂಗಳು ಪ್ರತಿಯೊಬ್ಬನ ಫೋನಿನಲ್ಲೂ ಉಮಂಗ್ ಆ್ಯಪ್ ಹಾಕಿಸಿ ಪಾಸ್‌ಬುಕ್ ತೆಗೆದು ತೋರಿಸಿ. ತನ್ನ ಹೆಸರಿನಲ್ಲಿ ದುಡ್ಡು ಕೂಡುತ್ತಿರುವುದನ್ನು ಕಣ್ಣಾರೆ ಕಂಡವನು ಮತ್ತೆ 'ಕಟಿಂಗ್' ಅನ್ನುವುದಿಲ್ಲ. ಇಎಸ್‌ಐಯಲ್ಲಿ ಎಡವುವುದು ಇನ್ನೊಂದು ಕಡೆ: ನಂಬರ್ ಮಾಡಿಸಿರುತ್ತಾರೆ, ಹೆಂಡತಿ ಮಕ್ಕಳ ಹೆಸರು ಸೇರಿಸಿರುವುದಿಲ್ಲ. ಮಗುವಿಗೆ ಜ್ವರ ಅಂತ ರಾಜಾಜಿನಗರದ ಆಸ್ಪತ್ರೆಗೆ ಹೋದವನು ವಾಪಸ್ ಬಂದು ಬೈಯುವುದು ಓನರನ್ನೇ. ಕಾಯಿಲೆ ರಜೆಗೆ ವರ್ಷದಲ್ಲಿ 91 ದಿನದವರೆಗೆ ಕೂಲಿಯ ಶೇ. 70 ಸಿಗುತ್ತದೆ ಅನ್ನುವುದು ಬಹಳ ಹುಡುಗರಿಗೆ ಗೊತ್ತೇ ಇಲ್ಲ.

ಓನರ್ ಪಾಲಿನ ಪಿಎಫ್ ಅನ್ನೂ ಹುಡುಗನ ಹಳೆಯ ಸಂಬಳದಲ್ಲೇ ಮುರಿಯುವ ಪದ್ಧತಿ ಕೆಲವು ಕಡೆ ಇದೆ. ಕಾನೂನು ಅದಕ್ಕೆ ಒಪ್ಪುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಹುಡುಗರು ಇದನ್ನು ಪಾಸ್‌ಬುಕ್ ನೋಡಿದ ದಿನವೇ ಕಂಡುಹಿಡಿಯುತ್ತಾರೆ, ಆಮೇಲೆ ಓನರ್ ಏನು ಹೇಳಿದರೂ ನಂಬುವುದಿಲ್ಲ.

ಹಳಬನಿಗೆ ಹದಿನೇಳೂವರೆ, ಹೊಸಬನಿಗೆ ಇಪ್ಪತ್ತು

ಆರ್ಡರ್ ಬಂತು, ಹೊಸ ಮಷೀನ್ ಬಂತು, ಅರ್ಜೆಂಟಾಗಿ ಆಪರೇಟರ್ ಬೇಕು. ಮಾರ್ಕೆಟ್ ರೇಟ್ ಇಪ್ಪತ್ತು ಸಾವಿರ, ಕೊಟ್ಟು ತರುತ್ತಾರೆ. ನಾಲ್ಕು ವರ್ಷದಿಂದ ಇರುವವನು ಹದಿನೇಳೂವರೆಯಲ್ಲಿದ್ದಾನೆ. ಹೊಸಬನಿಗೆ ಕೆಲಸ ತೋರಿಸಿಕೊಡುವುದೂ ಅವನದೇ ಪಾಲಿಗೆ. ಸಂಬಳ ಗುಟ್ಟಾಗಿರುತ್ತದೆ ಅಂತ ಓನರ್ ಅಂದುಕೊಂಡಿರುತ್ತಾನೆ, ಸಂಜೆ ಟೀ ಅಂಗಡಿಯಲ್ಲಿ ಎಲ್ಲರಿಗೂ ಗೊತ್ತಾಗಿರುತ್ತದೆ. ಬೆಳೆಯುವ ಶಾಪುಗಳಲ್ಲಿ ಹಳಬರು ಬಿಡುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ನಾನು ಕಂಡಿಲ್ಲ. ಅವರು ಕಾರಣ ಹೇಳಿ ಹೋಗುವುದೂ ಇಲ್ಲ. "ಊರಲ್ಲಿ ಸ್ವಲ್ಪ ಕೆಲ್ಸ ಐತೆ ಸಾರ್" ಅಂದು ಹೋದವರು ಎರಡು ರಸ್ತೆ ಆಚೆ ಡ್ಯೂಟಿಯಲ್ಲಿರುತ್ತಾರೆ.

ಹೊಸಬನನ್ನು ತರುವ ಮುಂಚೆ ಅದೇ ಕೆಲಸ ಮಾಡುವ ಹಳಬರನ್ನು ಆ ರೇಟಿಗೆ ಏರಿಸಬೇಕು. ಆರು ಜನರಿಗೆ ₹2,500ರಂತೆ ತಿಂಗಳಿಗೆ ₹15,000 ಆಗುತ್ತದೆ. ಭಾರಿ ಅನ್ನಿಸಬಹುದು. ಒಬ್ಬ ಸೆಟ್ಟರ್ (ಜಾಬಿಗೆ ತಕ್ಕಂತೆ ಮಷೀನ್ ಹೊಂದಿಸುವವನು) ಬಿಟ್ಟು ಹೋಗಿ ಒಂದು ಮಷೀನ್ ನಿಂತರೆ ಗಂಟೆಗೆ ₹350ರಂತೆ ದಿನಕ್ಕೆ 16 ಗಂಟೆಗೆ ₹5,600, ಮೂರು ದಿನಕ್ಕೆ ₹16,800. ಒಳ್ಳೆ ಸೆಟ್ಟರ್ ಮೂರು ದಿನದಲ್ಲಿ ಸಿಗುವುದಿಲ್ಲ.

ಇದು ಪ್ರತಿ ಸಲ ಮರುಕಳಿಸದಿರಲು ಕೆಲಸದ ಮೆಟ್ಟಿಲು ಬರೆದು ಹಾಕಬೇಕು. ಟರ್ನಿಂಗ್ ಶಾಪಿಗೆ ಐದು ಮೆಟ್ಟಿಲು ಸಾಕು. ಮೊದಲನೆಯದು ಲೋಡಿಂಗ್, ಅನ್‌ಲೋಡಿಂಗ್, ವರ್ನಿಯರ್ ಓದುವುದು, ಚಿಪ್ಸ್ ತೆಗೆಯುವುದು. ಎರಡನೆಯದಕ್ಕೆ ಮೈಕ್ರೋಮೀಟರ್, ಬೋರ್ ಗೇಜ್ ಬರಬೇಕು, ಕತ್ತರಿಸುವ ತುದಿಯಾದ ಇನ್ಸರ್ಟ್ ತಾನೇ ತಿರುಗಿಸಿ, ಸೈಜ್ ಸರಿಹೊಂದಿಸುವ ಆಫ್‌ಸೆಟ್ ಕೊಡಬೇಕು. 25 ಎಚ್7 ಬೋರ್ (25 ಮಿ.ಮೀ. ತೂತು, ಎಚ್7 ಅನ್ನುವುದು ಎಷ್ಟು ವ್ಯತ್ಯಾಸ ನಡೆಯುತ್ತದೆ ಅನ್ನುವ ಗುರುತು) ಕೊಟ್ಟರೆ ಇಡೀ ಶಿಫ್ಟ್ ಸೈಜನ್ನು 25.000ದಿಂದ 25.021ರೊಳಗೆ ಹಿಡಿದಿಡಬೇಕು. ಮೂರನೆಯವನು ಎರಡು ಮಷೀನ್ ನಡೆಸುತ್ತಾನೆ, ಸಾಫ್ಟ್ ಜಾ ಬೋರ್ ಮಾಡುತ್ತಾನೆ. ನಾಲ್ಕನೆಯವನು ರಿಪೀಟ್ ಜಾಬ್ ಅನ್ನು ಸೆಟ್ಟಿಂಗ್ ಶೀಟ್ ನೋಡಿ ಒಂದೂವರೆ ಗಂಟೆಯೊಳಗೆ ಮೊದಲ ಪೀಸ್ ಓಕೆ ಮಾಡಿಸುತ್ತಾನೆ. ಐದನೆಯವನು ಡ್ರಾಯಿಂಗ್ ಕೈಗೆ ಕೊಟ್ಟರೆ ಹೊಸ ಜಾಬ್ ಎಬ್ಬಿಸುತ್ತಾನೆ. ಪ್ರತಿ ಮೆಟ್ಟಿಲಿನ ಎದುರು ಸಂಬಳ ಬರೆದಿರಬೇಕು, ಅಂಕಿ ಸಮೇತ. ಏಪ್ರಿಲ್ ಮತ್ತು ಅಕ್ಟೋಬರ್‌ನಲ್ಲಿ ಪರೀಕ್ಷೆ, ಮಷೀನ್ ಮೇಲೆಯೇ, ಪೀಸ್ ತೆಗೆದು ತೋರಿಸುವುದು. ಪಾಸಾದರೆ ಮುಂದಿನ ತಿಂಗಳಿಂದ ಹೊಸ ಸಂಬಳ. ಐಟಿಐ ಓದಿದವನೋ ಹತ್ತನೇ ಕ್ಲಾಸ್ ಫೇಲಾದವನೋ ಅಲ್ಲಿ ಪ್ರಶ್ನೆಯೇ ಅಲ್ಲ. ಇದರಲ್ಲಿ ಕೆಡುವುದು ಎಲ್ಲಿ ಅಂದರೆ, ಅಕ್ಟೋಬರ್‌ನಲ್ಲಿ ಡಿಸ್ಪ್ಯಾಚ್ ಒತ್ತಡ ಅಂತ ಪರೀಕ್ಷೆ ಮುಂದೂಡುತ್ತಾರೆ, ಡಿಸೆಂಬರ್‌ನಲ್ಲಿ ಮರೆಯುತ್ತಾರೆ. ಒಂದೇ ಸಲ ಹಾಗಾದರೂ ಗೋಡೆಯ ಮೇಲಿನ ಆ ಹಾಳೆಯನ್ನು ಮತ್ತೆ ಯಾರೂ ಓದುವುದಿಲ್ಲ.

ಇಪ್ಪತ್ತೈದು ಸೆಕೆಂಡ್

ಟಾರ್ಗೆಟ್ ಹಾಕುವ ಕ್ರಮ ಹೆಚ್ಚಿನ ಕಡೆ ತಪ್ಪು. ಸೈಕಲ್ ಟೈಮ್ (ಒಂದು ಪೀಸಿಗೆ ಮಷೀನ್ ಓಡುವ ಹೊತ್ತು) ನಾಲ್ಕು ನಿಮಿಷ, ಶಿಫ್ಟ್ 480 ನಿಮಿಷ, ಹಾಗಾದರೆ 120 ಪೀಸ್ ಅಂತ ಕ್ಯಾಬಿನ್ನಿನಲ್ಲಿ ಭಾಗಿಸಿ ಬರೆಯುತ್ತಾರೆ. ಸರಿಯಾದ ಲೆಕ್ಕ ಇದು: 480ರಲ್ಲಿ ಊಟಕ್ಕೆ 30, ಎರಡು ಟೀಗೆ 20, ಶುರುವಿನ ಪೀಸ್ ತಪಾಸಣೆಗೆ 15, ಇನ್ಸರ್ಟ್ ಬದಲಿಸಲು 10, ಚಿಪ್ಸ್ ಕ್ಲೀನಿಂಗಿಗೆ 10 ಕಳೆದರೆ 395 ನಿಮಿಷ ಉಳಿಯುತ್ತದೆ. ಪೀಸಿಗೆ ಲೋಡಿಂಗ್ ಅರ್ಧ ನಿಮಿಷ ಸೇರಿ ನಾಲ್ಕೂವರೆ. 87 ಬರುತ್ತದೆ, ಟಾರ್ಗೆಟ್ 85 ಹಾಕಬೇಕು. 120 ಅಂತ ಹಾಕಿದ ಕಡೆ ಹುಡುಗರು 80 ತೆಗೆದು ಸುಮ್ಮನಿರುತ್ತಾರೆ, ಮುಟ್ಟಲಾಗದ ಮೇಲೆ 80 ಆದರೇನು, 87 ಆದರೇನು. ಈ ಕಳೆಯುವ ಲೆಕ್ಕವನ್ನು ಆಪರೇಟರ್ ಎದುರಿಗೇ, ವಾಚ್ ಹಿಡಿದು ಮಾಡಬೇಕು.

ಪೀಣ್ಯ ಎರಡನೇ ಹಂತದ ಒಂದು ಶಾಪಿನಲ್ಲಿ ನಡೆದದ್ದು ಇದಕ್ಕೆ ಚೆನ್ನಾಗಿ ಹೊಂದುತ್ತದೆ. ಗೋಕಾಕ ಕಡೆಯ ಸೆಟ್ಟರ್ ಒಬ್ಬ ರಾತ್ರಿ ಶಿಫ್ಟಿನಲ್ಲಿ ಪ್ರೋಗ್ರಾಂ ನೋಡುತ್ತ ಕೂತ. ಪ್ರತಿ ಟೂಲ್ ಬದಲಿಸುವಾಗಲೂ ಟೂಲ್‌ಗಳನ್ನು ಹಿಡಿದ ಟರೆಟ್ ಜಿ28 ಅನ್ನುವ ಆಜ್ಞೆಯಲ್ಲಿ ಪೂರ್ತಿ ಹೋಮ್‌ಗೆ (ಮಷೀನಿನ ಮೂಲ ಜಾಗಕ್ಕೆ) ಹೋಗಿ ಬರುತ್ತಿತ್ತು. ಅಷ್ಟು ದೂರ ಹೋಗುವ ಅಗತ್ಯವಿರಲಿಲ್ಲ, ಜಾಬ್‌ಗೂ ಚಕ್‌ಗೂ ತಾಗದಷ್ಟು ಹಿಂದೆ ಸರಿದರೆ ಸಾಕು. ಆ ಪೊಸಿಷನ್ ಬದಲಿಸಿದ. ರಫಿಂಗ್ (ಮೊದಲ ಒರಟು ಕೊರೆತ) ಮೂರು ಪಾಸ್ ಇದ್ದದ್ದನ್ನು ಎರಡು ಮಾಡಿದ. ನಾಲ್ಕು ನಿಮಿಷದ ಸೈಕಲ್ 3 ನಿಮಿಷ 35 ಸೆಕೆಂಡಿಗೆ ಇಳಿಯಿತು, ಬೋರ್ ಸೈಜೂ ಅಲುಗಲಿಲ್ಲ. ಬೆಳಗ್ಗೆ ಸೂಪರ್‌ವೈಸರ್‌ಗೆ ಖುಷಿಯಿಂದ ತೋರಿಸಿದ. ಸೋಮವಾರ ಬಂದು ನೋಡಿದರೆ ಬೋರ್ಡಿನಲ್ಲಿ ಟಾರ್ಗೆಟ್ 85 ಅಳಿಸಿ 95 ಬರೆದಿತ್ತು. ಅವನಿಗೆ ಒಂದು ಮಾತಿಲ್ಲ, ಒಂದು ರೂಪಾಯಿ ಇಲ್ಲ, ಜೊತೆಯವರು ಬೈದದ್ದು ಮಾತ್ರ ಅವನನ್ನೇ. ಕೆಲವು ವಾರದ ಮೇಲೆ ಆ ಶಾಪಿಗೆ ಹೋದಾಗ ಇನ್ನೊಂದು ಮಷೀನಿನಲ್ಲೂ ಅದೇ ಜಿ28 ಓಡುತ್ತಿತ್ತು. ಇದನ್ನೂ ಇಳಿಸಬಹುದಲ್ಲ ಅಂದದ್ದಕ್ಕೆ ಅವನು ಅಂದ: "ಇಳಸಬೌದ್ರಿ. ಇಳಸಿದ್ರ ಟಾರ್ಗೆಟ್ ಏರಸ್ತಾರ. ನಾ ಯಾಕ ಹೇಳ್ಲಿ ಹೇಳ್ರಿ?"

ಆ 25 ಸೆಕೆಂಡಿನ ಬೆಲೆ ಎಷ್ಟು ಅಂತ ನೋಡಿ. ಶಿಫ್ಟಿಗೆ ಒಂಬತ್ತು ಪೀಸ್ ಹೆಚ್ಚು, ಅಂದರೆ ಹಳೆಯ ಲೆಕ್ಕದಲ್ಲಿ 40 ನಿಮಿಷದ ಮಷೀನ್ ಟೈಮ್, ಗಂಟೆಗೆ ₹350ರಂತೆ ಸುಮಾರು ₹236. ಎರಡು ಶಿಫ್ಟ್, 25 ದಿನ, ತಿಂಗಳಿಗೆ ₹11,800. ಇದರಲ್ಲಿ ಮೂರನೇ ಒಂದು ಭಾಗ, ಸುಮಾರು ₹3,900 ಅನ್ನು ಮೂರು ತಿಂಗಳು ಆ ಸೆಟ್ಟರ್ ಮತ್ತು ಆ ಮಷೀನಿನ ಆಪರೇಟರ್‌ಗಳಿಗೆ ಹಂಚಿ, ಹಳೆಯ ಟಾರ್ಗೆಟ್ ಅಷ್ಟು ದಿನ ಹಾಗೇ ಬಿಟ್ಟಿದ್ದರೆ, ಉಳಿದ ಮಷೀನ್‌ಗಳ ಜಿ28 ಕೂಡ ತಾನಾಗಿ ಹೋಗುತ್ತಿತ್ತು. ಈ ನಿಯಮವನ್ನೂ ಬರೆದೇ ಹಾಕಬೇಕು: ಹುಡುಗರು ಹೇಳಿ ಇಳಿಸಿದ ಸೈಕಲ್ ಟೈಮಿಗೆ ಮೂರು ತಿಂಗಳು ಟಾರ್ಗೆಟ್ ಏರುವುದಿಲ್ಲ.

ಪೀಸಿಗೆ ಇಷ್ಟು ಅಂತ ಒಬ್ಬೊಬ್ಬರಿಗೆ ಇನ್ಸೆಂಟಿವ್ ಕೊಡುವುದರಲ್ಲಿ ಬೇರೆ ತೊಂದರೆಯಿದೆ. ಆಪರೇಟರ್ ಟೂಲಿನ ವೇಗ ಏರಿಸುವ ಫೀಡ್ ಓವರ್‌ರೈಡ್ ಅನ್ನು ಶೇ. 120ಕ್ಕೆ ತಿರುಗಿಸುತ್ತಾನೆ, ನಾಲ್ಕು ಮೂಲೆಯ ಇನ್ಸರ್ಟ್ ಎರಡು ದಿನ ಬರಬೇಕಾದ್ದು ಒಂದೇ ದಿನದಲ್ಲಿ ಮುಗಿಯುತ್ತದೆ, ಫಿನಿಶ್ ಹೋಗುತ್ತದೆ, ಅಳೆಯುವುದನ್ನು ಬಿಡುತ್ತಾನೆ. ಮುಂದಿನ ಶಿಫ್ಟಿನವನಿಗೆ ಸವೆದ ಇನ್ಸರ್ಟ್, ತುಂಬಿದ ಚಿಪ್ ಟ್ರೇ ಬಿಟ್ಟು ಹೋಗುತ್ತಾನೆ. ಒಂದು ಮಷೀನಿನ ಎರಡೂ ಶಿಫ್ಟಿನವರನ್ನು ಒಂದೇ ಗುಂಪು ಮಾಡಿ, ಕ್ಯೂಸಿ (ಗುಣಮಟ್ಟ ತಪಾಸಣೆ) ಪಾಸಾದ ಪೀಸಿಗೆ ಮಾತ್ರ ಲೆಕ್ಕ ಹಿಡಿದು, ಕಸ್ಟಮರ್ ರಿಜೆಕ್ಟ್ ಮಾಡಿದ್ದನ್ನು ಒಂದಕ್ಕೆ ಐದರಂತೆ ಎಣಿಕೆಯಿಂದ ಕಳೆದರೆ ಇದು ನಿಲ್ಲುತ್ತದೆ. ಇಂಥ ಇನ್ಸೆಂಟಿವ್ ಸಂಬಳದ ಶೇ. 10ನ್ನು ದಾಟದಿದ್ದರೆ ಒಳ್ಳೆಯದು. ದಾಟಿದರೆ ಹುಡುಗನ ಮನೆ ಖರ್ಚು ಅದರ ಮೇಲೆ ನಿಲ್ಲುತ್ತದೆ, ಆರ್ಡರ್ ಇಲ್ಲದ ತಿಂಗಳು ಅವನು ಕಷ್ಟಕ್ಕೆ ಬೀಳುತ್ತಾನೆ.

ಓಟಿ ಬಗ್ಗೆ ಒಂದೇ ಮಾತು. ಕಾನೂನು ಡಬಲ್ ಅನ್ನುತ್ತದೆ. ₹18,000 ಸಂಬಳಕ್ಕೆ 26 ದಿನ, 8 ಗಂಟೆ ಹಿಡಿದರೆ ಗಂಟೆಗೆ ₹86.50, ಡಬಲ್ ಅಂದರೆ ₹173. ನಾಲ್ಕು ಗಂಟೆ ಓಟಿಗೆ ಒಂದು ಪೂರ್ತಿ ದಿನದ ಕೂಲಿ ಕೊಡಬೇಕಾಗುತ್ತದೆ. ಅದು ಕೈ ಕಚ್ಚುತ್ತದೆ ಅಂತ ಸಿಂಗಲ್ ಕೊಟ್ಟು ಹನ್ನೆರಡು ಗಂಟೆ ಡ್ಯೂಟಿಯನ್ನೇ ಪದ್ಧತಿ ಮಾಡಿಕೊಂಡ ಶಾಪುಗಳು ಬಹಳ. ರಿಜೆಕ್ಷನ್ ರಿಜಿಸ್ಟರಿನಲ್ಲಿ ತಾರೀಕಿನ ಜೊತೆ ಗಂಟೆಯನ್ನೂ ಬರೆಸಿ ಎರಡು ತಿಂಗಳು ನೋಡಿ, ಆ ಕೊನೆಯ ನಾಲ್ಕು ಗಂಟೆ ಎಷ್ಟು ಉಳಿಸುತ್ತಿದೆ ಅನ್ನುವುದು ನಿಮ್ಮ ಅಂಕಿಯಲ್ಲೇ ಸಿಗುತ್ತದೆ.

ಒಳ್ಳೆ ಸೆಟ್ಟರ್, ಸೂಪರ್‌ವೈಸರ್

ಹದಿನೈದು ಜನ ದಾಟಿದ ಮೇಲೆ ಸೂಪರ್‌ವೈಸರ್ ಬೇಕೇ ಬೇಕು. ಎಲ್ಲರೂ ಮಾಡುವುದು ಅತ್ಯುತ್ತಮ ಸೆಟ್ಟರನ್ನು ಆ ಜಾಗಕ್ಕೆ ಏರಿಸುವುದು. ಅವನು ಎರಡು ದಿನ ಇನ್ನೊಬ್ಬನ ಸೆಟ್ಟಿಂಗ್ ನೋಡುತ್ತಾನೆ, ಮೂರನೇ ದಿನ ತಾಳಲಾರದೆ "ಸರಿ, ಬಿಡೋ" ಅಂತ ಅಲೆನ್ ಕೀ ಕಿತ್ತುಕೊಂಡು ತಾನೇ ಮಾಡುತ್ತಾನೆ. ಹುಡುಗ ಕಲಿಯಲಿಲ್ಲ, ಡಿಸ್ಪ್ಯಾಚ್ ಪ್ಲಾನ್ ಯಾರೂ ನೋಡಲಿಲ್ಲ, ಒಳ್ಳೆ ಸೆಟ್ಟರ್ ಕೂಡ ಕೈತಪ್ಪಿದ. ಅವನು ಒಪ್ಪಿಕೊಳ್ಳುವುದು ಸಂಬಳಕ್ಕೋಸ್ಕರ, ಬೇರೆ ದಾರಿಯಲ್ಲಿ ಸಂಬಳ ಏರುವುದಿಲ್ಲ ಅಂತ ಗೊತ್ತಿರುವುದಕ್ಕೆ. ಐದನೇ ಮೆಟ್ಟಿಲಿನ ಸೆಟ್ಟರ್ ಸಂಬಳ ಸೂಪರ್‌ವೈಸರ್ ಸಂಬಳಕ್ಕೆ ಸಮ ಇರಲಿ, ಆಗ ಕೈಯಲ್ಲಿ ಕೆಲಸವಿರುವವನು ಮಷೀನ್ ಹತ್ತಿರವೇ ಉಳಿಯುತ್ತಾನೆ. ಸೂಪರ್‌ವೈಸರ್ ಆಗಬೇಕಾದವನು ಯಾರು ಅಂತ ತಿಳಿಯಲು, ಡೌಟ್ ಬಂದಾಗ ಹುಡುಗರು ಯಾರ ಹತ್ತಿರ ಹೋಗುತ್ತಾರೆ ಅಂತ ಒಂದು ವಾರ ನೋಡಿದರೆ ಸಾಕು.

ಅವನಿಗೆ ಮೂರು ಅಧಿಕಾರ ಕೊಡಿ: ಅರ್ಧ ದಿನದ ರಜೆ ಕೊಡುವುದು, ₹2,000ದವರೆಗೆ ಇನ್ಸರ್ಟ್, ಡ್ರಿಲ್, ಬೆಲ್ಟ್ ಕೇಳದೆ ತರಿಸುವುದು, ಸೈಜ್ ಅನುಮಾನ ಬಂದರೆ ಮಷೀನ್ ನಿಲ್ಲಿಸುವುದು. ಆಮೇಲೆ ಓನರ್ ಅದನ್ನು ಕಾಪಾಡಬೇಕು. ರಾತ್ರಿ ಹತ್ತಕ್ಕೆ ಹಳೆಯ ಹುಡುಗನೊಬ್ಬ ನೇರ ಓನರ್‌ಗೆ ವಾಟ್ಸ್ಆ್ಯಪ್ ಮಾಡಿ "ಅಣ್ಣಾ, ನಾಳೆ ರಜೆ ಬೇಕು, ಅವ್ರು ಕೊಡ್ತಿಲ್ಲ" ಅಂದಾಗ, ಮೊದಲ ದಿನದಿಂದ ಜೊತೆಗಿದ್ದ ಹುಡುಗ ಅಂತ ಓನರ್ "ಹೋಗಿ ಬಾರಪ್ಪ" ಅಂದುಬಿಡುತ್ತಾನೆ. ಸೂಪರ್‌ವೈಸರ್ ಮಾತು ಅಲ್ಲಿಗೆ ಮುಗಿಯಿತು. "ಬೆಳಗ್ಗೆ ಅವರ ಹತ್ತಿರಾನೇ ಮಾತಾಡು, ನಾನೂ ಅವರಿಗೆ ಫೋನ್ ಮಾಡ್ತೀನಿ" ಅನ್ನುವುದು ಕಷ್ಟ, ಆದರೆ ಬೇಕಾದ್ದು ಅದೇ.

ಸೋಮವಾರ ಬೆಳಗ್ಗೆ ಮಷೀನ್ ಬಾಗಿಲು ತೆರೆದಾಗ ಕೂಲೆಂಟ್ (ಕೊರೆಯುವಾಗ ಟೂಲ್ ತಣ್ಣಗಿಡುವ ದ್ರವ) ಕೊಳೆತ ವಾಸನೆ ಬಂದರೆ, ಕೈಯೆಲ್ಲ ತುರಿಕೆ ಎದ್ದರೆ, ಅದೂ ಇದೇ ವಿಷಯ. ಭಾನುವಾರ ನಿಂತ ಟ್ಯಾಂಕಿನ ಮೇಲೆ ತೇಲುವ ಎಣ್ಣೆ ಪದರ ಗಾಳಿ ಆಡಲು ಬಿಡುವುದಿಲ್ಲ, ಕೆಳಗೆ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಶನಿವಾರ ಎಣ್ಣೆ ತೆಗೆದು, ರಿಫ್ರ್ಯಾಕ್ಟೋಮೀಟರ್ ಇಟ್ಟು ಕೂಲೆಂಟ್ ತಯಾರಕರು ಹೇಳಿದ ಸಾಂದ್ರತೆಯಲ್ಲಿ, ಸಾಮಾನ್ಯವಾಗಿ ಶೇ. 6ರಿಂದ 8ರ ಸುತ್ತ, ಇಟ್ಟುಕೊಂಡರೆ ತಡೆಯಬಹುದು. ಎಂಟು ಗಂಟೆ ಅದರಲ್ಲಿ ಕೈ ಅದ್ದುವವನು ಇದನ್ನು ಸಣ್ಣ ವಿಷಯ ಅಂದುಕೊಳ್ಳುವುದಿಲ್ಲ. ಕುಡಿಯುವ ನೀರು, ಬಾಗಿಲ ಚಿಲಕ ಇರುವ ಟಾಯ್ಲೆಟ್, ಪ್ರತಿ ಮಷೀನಿಗೆ ಅದರದ್ದೇ ಮೈಕ್ರೋಮೀಟರ್ ಇವೂ ಅಷ್ಟೇ. ಎರಡು ಮಷೀನಿಗೆ ಒಂದು ಬೋರ್ ಗೇಜ್ ಇರುವ ಕಡೆ ಒಬ್ಬ ಅಳೆಯದೆ ಪೀಸ್ ಬಿಟ್ಟಿರುತ್ತಾನೆ, ಆಮೇಲೆ ಬೈಸಿಕೊಳ್ಳುತ್ತಾನೆ.

ಆಯುಧ ಪೂಜೆಯ ಕವರ್

ಮಷೀನ್ ಶಾಪಿಗೆ ವರ್ಷದ ದೊಡ್ಡ ದಿನ ಆಯುಧ ಪೂಜೆ. ಹಿಂದಿನ ದಿನವೇ ಮಷೀನ್‌ಗಳನ್ನು ಡೀಸೆಲ್ ಹಾಕಿ ಒರೆಸಿ, ಚಿಪ್ಸ್ ಕನ್ವೇಯರ್ ಒಳಗಿನ ಕಸ ತೆಗೆದು, ಬಾಳೆಕಂಬ ಕಟ್ಟಿ, ಚೆಂಡುಹೂವಿನ ಹಾರ ಹಾಕುತ್ತಾರೆ. ವರ್ಷವೆಲ್ಲ ಕ್ಲೀನ್ ಮಾಡು ಅಂದರೆ ಮುಖ ತಿರುಗಿಸುವ ಹುಡುಗ ಅವತ್ತು ತನ್ನ ಮಷೀನಿನ ಪ್ಯಾನೆಲ್ ಅನ್ನು ಹಳೆಯ ಬನಿಯನ್ನಿನಿಂದ ಮೂರು ಸಲ ಒರೆಸುವುದನ್ನು, ಪಕ್ಕದವನ ಹಾರಕ್ಕಿಂತ ತನ್ನದು ಗಿಡ್ಡವಾಯಿತು ಅಂತ ಇನ್ನೊಂದು ಮೊಳ ಕೇಳುವುದನ್ನು ಒಮ್ಮೆ ನಿಂತು ನೋಡಬೇಕು. 'ನನ್ನ ಮಷೀನ್' ಅನ್ನುವ ಭಾವನೆ ಅಲ್ಲಿ ಯಾರೂ ಹೇಳಿಕೊಡದೆ ಇದೆ. ಪೂಜೆಗೆ ಪ್ರತಿ ಮಷೀನಿಗೆ ಅದರ ಆಪರೇಟರ್ ಕೈಯಲ್ಲೇ ಕುಂಕುಮ ಇಡಿಸಿ, ಬೂದುಗುಂಬಳ ಅವರ ಕೈಯಲ್ಲೇ ಒಡೆಸುವ ಶಾಪುಗಳಿವೆ. ಬರೀ ಓನರ್ ಮನೆಯವರು ಪೂಜೆ ಮಾಡಿ ಫೋಟೋ ತೆಗೆಸಿಕೊಂಡು, ಹುಡುಗರು ಹಿಂದೆ ನಿಂತು ಪ್ರಸಾದಕ್ಕೆ ಕಾಯುವ ಶಾಪುಗಳೂ ಇವೆ.

ಆಮೇಲೆ ಸ್ವೀಟ್ ಬಾಕ್ಸಿನ ಜೊತೆ ಬೋನಸ್ ಕವರ್ ಬರುತ್ತದೆ. ಕಾನೂನಿನ ಪ್ರಕಾರ ಕನಿಷ್ಠ ಶೇ. 8.33, ಗರಿಷ್ಠ ಶೇ. 20. ಶೇ. 8.33 ಅಂದರೆ ಹನ್ನೆರಡರಲ್ಲಿ ಒಂದು ಭಾಗ, ಅದಕ್ಕೇ 'ಒಂದು ತಿಂಗಳ ಸಂಬಳ' ಅನ್ನುವ ಮಾತು. ಆದರೆ ಲೆಕ್ಕ ಹಾಕುವುದು ಪೂರ್ತಿ ಸಂಬಳದ ಮೇಲಲ್ಲ, ನಿಗದಿತ ಮಿತಿ ಅಥವಾ ಕನಿಷ್ಠ ವೇತನ, ಯಾವುದು ಹೆಚ್ಚೋ ಅದರ ಮೇಲೆ. ಈ ಒಂದು ಸಂಗತಿ ಹುಡುಗರಿಗೆ ಗೊತ್ತಿಲ್ಲದೆ, ₹18,000 ನಿರೀಕ್ಷಿಸಿದವನು ಕವರಿನಲ್ಲಿ ₹14,000 ಎಣಿಸಿ ಮೋಸವಾಯಿತು ಅಂದುಕೊಳ್ಳುತ್ತಾನೆ. ಕವರ್ ಮೇಲೆ ಹೆಸರಿನ ಕೆಳಗೆ ಲೆಕ್ಕ ಬರೆಯಿರಿ: ಎಷ್ಟು ತಿಂಗಳು, ಎಷ್ಟರ ಮೇಲೆ, ಶೇಕಡಾ ಎಷ್ಟು. ಕಾನೂನಿನ ಮೇಲೆ ಓನರ್ ಖುಷಿಯಿಂದ ಕೊಡುವುದು ಇದ್ದರೆ ಅದು ಬೇರೆ ಸಾಲಿನಲ್ಲಿ ಇರಲಿ, ಯಾವ ಕಾರಣಕ್ಕೆ ಅಂತ ಒಂದು ಮಾತು ಬರೆದು. ಕಾರಣ ಹೇಳದೆ ಒಬ್ಬನಿಗೆ ಎರಡು ಸಾವಿರ ಜಾಸ್ತಿ ಹಾಕಿದರೆ, ಉಳಿದ ಇಪ್ಪತ್ನಾಲ್ಕು ಜನರಿಗೂ ಬೋನಸ್ ಕಡಿಮೆ ಕೊಟ್ಟಂತೆ ಆಗುತ್ತದೆ.

ಹಬ್ಬದ ಮಾತಿನ ಜೊತೆಗೇ ಊರಿನ ರಜೆ. ಉತ್ತರ ಕರ್ನಾಟಕದ ಹುಡುಗರಿಗೆ ಊರ ಜಾತ್ರೆ, ಬಿಹಾರದವರಿಗೆ ದೀಪಾವಳಿ ಕಳೆದು ಬರುವ ಛಠ್, ಒಡಿಶಾದವರಿಗೆ ರಜ ಪರ್ವ. ಕೊಟ್ಟರೂ ಹೋಗುತ್ತಾರೆ, ಕೊಡದಿದ್ದರೂ ಹೋಗುತ್ತಾರೆ, ಕೊಡದಿದ್ದರೆ ವಾಪಸ್ ಬರುವುದಿಲ್ಲ ಅಷ್ಟೇ. ಜನವರಿಯಲ್ಲೇ ಒಂದು ಕ್ಯಾಲೆಂಡರ್ ಗೋಡೆಗೆ ಹಾಕಿ ಪ್ರತಿಯೊಬ್ಬರಿಂದ ಊರಿನ ತಾರೀಕು ಬರೆಸಿ, ಒಂದೇ ವಾರಕ್ಕೆ ಆರು ಜನರ ಹೆಸರು ಬಿದ್ದರೆ ಅವರವರೇ ಕೂತು ಹೊಂದಿಸಿಕೊಳ್ಳಲಿ. ರೈಲು ಟಿಕೆಟ್ ಬುಕಿಂಗ್ 60 ದಿನ ಮುಂಚೆ ತೆರೆಯುತ್ತದೆ, ಅದಕ್ಕೂ ಮುಂಚೆ ರಜೆ ಖಚಿತವಾಗಿರಬೇಕು.

ಬಿಡುತ್ತೇನೆ ಅಂದವನು

ಎಷ್ಟು ಮಾಡಿದರೂ ಕೆಲವರು ಹೋಗುತ್ತಾರೆ, ಹೋಗಲೂಬೇಕು. ದೊಡ್ಡ ಕಂಪನಿಯಲ್ಲಿ ಕೆಲಸ ಸಿಕ್ಕಿರುತ್ತದೆ, ಊರಲ್ಲಿ ತಾಯಿಗೆ ಹುಷಾರಿರುವುದಿಲ್ಲ. ಕಡೆಯ ಸಂಬಳ ತಡೆಹಿಡಿದು ಅಲೆದಾಡಿಸುವ ಚಾಳಿ ನಮ್ಮಲ್ಲಿ ಬಹಳ ಹಳೆಯದು. ಹೊಸ ವೇತನ ಸಂಹಿತೆ ಎರಡು ಕೆಲಸದ ದಿನದೊಳಗೆ ಬಾಕಿ ಕೂಲಿ ಚುಕ್ತಾ ಮಾಡಬೇಕು ಅನ್ನುತ್ತದೆ. ದುಡಿದ ದಿನದ ಸಂಬಳ, ಓಟಿ, ಉಳಿದ ರಜೆಯ ಹಣ, ಐದು ವರ್ಷ ಆಗಿದ್ದರೆ ಗ್ರಾಚ್ಯುಟಿ. ಗ್ರಾಚ್ಯುಟಿ ಲೆಕ್ಕ ಸುಲಭ: ಕೊನೆಯ ಮೂಲ ವೇತನ ಮತ್ತು ಡಿಎ ಸೇರಿಸಿ 26ರಿಂದ ಭಾಗಿಸಿ, 15ರಿಂದ ಗುಣಿಸಿ, ವರ್ಷದಿಂದ ಗುಣಿಸುವುದು. ₹15,600ಕ್ಕೆ ಆರು ವರ್ಷ ಅಂದರೆ ₹54,000. ಹತ್ತು ಜನ ದಾಟಿದ ಶಾಪಿಗೆ ಇದು ತಪ್ಪಿದ್ದಲ್ಲ, ಆದ್ದರಿಂದ ಮೊದಲ ವರ್ಷದಿಂದಲೇ ಪ್ರತಿಯೊಬ್ಬರಿಗೆ ವರ್ಷಕ್ಕೆ ಸುಮಾರು ಅರ್ಧ ತಿಂಗಳ ಸಂಬಳದಷ್ಟು ಎತ್ತಿಡುತ್ತಾ ಬರಬೇಕು.

ಪಿಎಫ್ ಪೋರ್ಟಲ್ಲಿನಲ್ಲಿ ಅವನು ಬಿಟ್ಟ ತಾರೀಕು ಹಾಕುವುದನ್ನು ಮರೆಯಬೇಡಿ. ಹಾಕದಿದ್ದರೆ ಅವನ ದುಡ್ಡು ತೆಗೆಯುವುದೂ, ವರ್ಗಾಯಿಸುವುದೂ ಸಿಕ್ಕಿಹಾಕಿಕೊಳ್ಳುತ್ತದೆ. ಕೊನೆಯ ಕಂತು ಬಿದ್ದು ಎರಡು ತಿಂಗಳಾದ ಮೇಲೆ ಅವನೇ ಹಾಕಿಕೊಳ್ಳಬಹುದು, ಆದರೆ ಅದಕ್ಕೆ ಆಧಾರ್‌ಗೆ ಜೋಡಿಸಿದ ಮೊಬೈಲ್ ನಂಬರ್ ಚಾಲ್ತಿಯಲ್ಲಿರಬೇಕು, ಹುಡುಗರು ಅಷ್ಟರಲ್ಲಿ ಸಿಮ್ ಬದಲಿಸಿರುತ್ತಾರೆ. ಎಕ್ಸ್‌ಪೀರಿಯೆನ್ಸ್ ಲೆಟರಿನಲ್ಲಿ 'ಕೆಲಸ ಮಾಡಿದ್ದಾರೆ' ಅಂತಷ್ಟೇ ಬರೆಯದೆ ಯಾವ ಕಂಟ್ರೋಲರ್ ಮೇಲೆ, ಯಾವ ಮೆಟೀರಿಯಲ್, ಎಷ್ಟು ಟಾಲರೆನ್ಸ್‌ವರೆಗೆ, ಸೆಟ್ಟಿಂಗ್ ಬರುತ್ತದೋ ಇಲ್ಲವೋ ಅಂತ ಬರೆದುಕೊಡಿ. ಅದರ ಒಂದು ಪ್ರತಿ ನಿಮ್ಮ ಫೈಲಿನಲ್ಲೂ ಇರಲಿ. ವರ್ಷ ಕಳೆದು ಅವನು ಫೋನ್ ಮಾಡಿ "ಸಾರ್, ಜಾಗ ಐತಾ?" ಅಂದಾಗ ಯಾವ ಮೆಟ್ಟಿಲಿಗೆ, ಎಷ್ಟು ಸಂಬಳಕ್ಕೆ ಕರೆಯಬೇಕು ಅನ್ನುವುದನ್ನು ಆ ಹಾಳೆ ನೋಡಿಯೇ ಹೇಳಬಹುದು.